ಸಮವಸ್ತ್ರ ಇಲ್ಲದವರನ್ನು ನಾಯಕರಾಗಿ ಬೆಳೆಸುವವರು ಯಾರು?

ಹೈದರಾಬಾದಿನ ಈಶಾನ್ಯಕ್ಕೆ ಸೈನಿಕ್‌ಪುರಿ, ಆಗ್ನೇಯಕ್ಕೆ ಕಂಚನ್‌ಬಾಗ್. ಸೈನಿಕ್‌ಪುರಿಯಲ್ಲಿ 1970ರಲ್ಲಿ ಹುಟ್ಟಿದ ಕಾಲೇಜ್ ಆಫ್ ಡಿಫೆನ್ಸ್ ಮ್ಯಾನೇಜ್‌ಮೆಂಟ್ ಇದೆ. ಕರ್ನಲ್ ಮತ್ತು ಅದಕ್ಕೆ ಸಮನಾದ ದರ್ಜೆಯವರನ್ನು ಕೈಕೆಲಸದಿಂದ ಬಿಡಿಸಿ, ಸುಮಾರು ಹತ್ತು ತಿಂಗಳು ಇಲ್ಲಿ ಕೂರಿಸಿ, ದೊಡ್ಡ ಸಂಸ್ಥೆಯನ್ನು ನಡೆಸುವುದು ಹೇಗೆಂದು ಕಲಿಸುತ್ತಾರೆ. ಜೊತೆಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ. ಮುಂದೆ ಬ್ರಿಗೇಡಿಯರ್, ಜನರಲ್ ಆಗಬೇಕಾದವರನ್ನು ಸೇನೆ ಹೀಗೆ ಮೊದಲೇ ತಯಾರು ಮಾಡುತ್ತದೆ. ಅದು ಸೇನೆಯ ಜಾಣತನ.

ಕಂಚನ್‌ಬಾಗ್‌ನಲ್ಲಿ ಡಿಆರ್‌ಡಿಒದ ಕ್ಷಿಪಣಿ ಪ್ರಯೋಗಾಲಯ, ಲೋಹಶಾಸ್ತ್ರ ಪ್ರಯೋಗಾಲಯಗಳಿವೆ. ಇಲ್ಲಿನವರು ಬಹುಪಾಲು ಸಿವಿಲಿಯನ್‌ಗಳು. 'ಸೈಂಟಿಸ್ಟ್ ಬಿ' ಆಗಿ ಸೇರುತ್ತಾರೆ, ಸಂದರ್ಶನ ಎದುರಿಸಿ ಸಿ, ಡಿ, ಇ ಎಂದು ಮೆಟ್ಟಿಲು ಹತ್ತುತ್ತಾರೆ. ಖಾಲಿ ಹುದ್ದೆಗೆ ಕಾಯದೆ ಬಡ್ತಿ ಕೊಡುವ ಈ ಪದ್ಧತಿ ವಿಜ್ಞಾನಕ್ಕೆ ಒಳ್ಳೆಯದೇ. ಆದರೆ ಅದು ಅಳೆಯುವುದು ಮುಖ್ಯವಾಗಿ ವಿಜ್ಞಾನವನ್ನು. ಒಳ್ಳೆಯ ವಿಜ್ಞಾನಿ ಒಂದು ಬೆಳಗ್ಗೆ ನೂರಾರು ಜನರ, ಕೋಟಿಗಟ್ಟಲೆ ಹಣದ ಯಜಮಾನರಾಗುತ್ತಾರೆ. ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ನಿವೃತ್ತಿಗೆ ಕೆಲವೇ ವರ್ಷ ಉಳಿದಿರುತ್ತದೆ. ಮಸ್ಸೂರಿಯ ಡಿಆರ್‌ಡಿಒ ಸಂಸ್ಥೆಯಲ್ಲಿ ಕಿರು ತರಬೇತಿಗಳಿವೆ, ನಿಜ. ಈಜು ಕಲಿಸಲು ಹೊಳೆಯ ಪಟ ತೋರಿಸಿದಷ್ಟೇ ಅದರ ಪ್ರಯೋಜನ.

ಮಿಲಿಟರಿ ಎಂಜಿನಿಯರ್ ಸರ್ವೀಸಸ್‌ನ ಕಥೆ ಇನ್ನೂ ಕಠಿಣ. ಯುಪಿಎಸ್‌ಸಿ ಪರೀಕ್ಷೆ ಗೆದ್ದು ಬಂದ ಸಿವಿಲಿಯನ್ ಎಂಜಿನಿಯರ್ ಮೂವತ್ತು ವರ್ಷ ದುಡಿದರೂ ತುದಿಯ ಎಂಜಿನಿಯರ್-ಇನ್-ಚೀಫ್ ಕುರ್ಚಿ ಲೆಫ್ಟಿನೆಂಟ್ ಜನರಲ್‌ಗೇ ಮೀಸಲು. ಮೇಲೆ ಬಾಗಿಲೇ ಇಲ್ಲದ ಮನೆಯಲ್ಲಿ ಏಣಿ ಕಟ್ಟುವ ಉತ್ಸಾಹ ಯಾರಿಗಿರುತ್ತದೆ?

ಇದಕ್ಕೆ ಬರುವ ಉತ್ತರ ಒಂದೇ: "ಕಲಾಂ ಯಾವ ಕೋರ್ಸ್ ಮಾಡಿದ್ದರು?" ಪ್ರಶ್ನೆ ಸರಿಯಾಗಿದೆ, ಉತ್ತರ ಮಾತ್ರ ಕೇಳಿದವರ ವಿರುದ್ಧವಿದೆ. 1982ರಲ್ಲಿ ಹೈದರಾಬಾದಿನ ಕ್ಷಿಪಣಿ ಪ್ರಯೋಗಾಲಯದ ನಿರ್ದೇಶಕರಾಗಿ ಬರುವ ಮುನ್ನ ಕಲಾಂ ಇಸ್ರೋದಲ್ಲಿ ಎಸ್‌ಎಲ್‌ವಿ-3 ಯೋಜನೆಯನ್ನು ನಡೆಸಿದ್ದರು. 1979ರ ಆಗಸ್ಟ್‌ನಲ್ಲಿ ಅದು ಸಮುದ್ರಕ್ಕೆ ಬಿತ್ತು. 1980ರ ಜುಲೈನಲ್ಲಿ ಗೆದ್ದಿತು. ಸೋತವನನ್ನು ಬದಲಿಸದೆ ಅದೇ ಕೆಲಸದಲ್ಲಿ ಉಳಿಸಿದ ಸತೀಶ್ ಧವನ್ ಅವರಂಥ ಹಿರಿಯರಿದ್ದರು. ಅದೇ ತರಬೇತಿ. ಕಲಾಂ ತಾವಾಗಿಯೇ ಬೆಳೆಯಲಿಲ್ಲ. ಅವರನ್ನು ಬೆಳೆಸಿದರು, ಅದೂ ರಕ್ಷಣಾ ಇಲಾಖೆಯ ಹೊರಗೆ.

ಬೆಳೆಸದಿದ್ದರೆ ಬೆಲೆ ತೆರುವವರು ಗಡಿಯ ಸೈನಿಕರು. 1983ರ ಕ್ಷಿಪಣಿ ಯೋಜನೆಯ 'ನಾಗ್'ನ ಅಂತಿಮ ಬಳಕೆದಾರ ಪರೀಕ್ಷೆ ಮುಗಿದದ್ದು 2020ರ ಅಕ್ಟೋಬರ್‌ನಲ್ಲಿ. ತಂತ್ರಜ್ಞಾನದ ತೊಡಕು, ಹೊರದೇಶಗಳ ನಿರ್ಬಂಧ ಎಲ್ಲವೂ ಕಾರಣಗಳೇ. ಆದರೆ ತಯಾರಿಸುವವನಿಗೆ ಸೇನೆಯ ಒಳಗು ಗೊತ್ತಿಲ್ಲದೆ, ಬಳಸುವವನಿಗೆ ಪ್ರಯೋಗಾಲಯದ ಕಷ್ಟ ಗೊತ್ತಿಲ್ಲದೆ ಹೋದರೆ ಯಾವ ತೊಡಕೂ ಬೇಗ ಬಿಡಿಸಲಾಗದು.

ದಾರಿ ಹೊಸದೇನಲ್ಲ. ದೆಹಲಿಯ ನ್ಯಾಷನಲ್ ಡಿಫೆನ್ಸ್ ಕಾಲೇಜಿನಲ್ಲಿ 1960ರಿಂದಲೂ ಐಎಎಸ್ ಮುಂತಾದ ಸೇವೆಗಳ ಅಧಿಕಾರಿಗಳು ಬ್ರಿಗೇಡಿಯರ್‌ಗಳ ಪಕ್ಕದಲ್ಲಿ ಕೂತು ಓದುತ್ತಾರೆ. ಅಮೆರಿಕದ ರಕ್ಷಣಾ ಇಲಾಖೆ ತನ್ನ ಸಿವಿಲಿಯನ್‌ಗಳನ್ನು ಆರಿಸಿ ವಾರ್ ಕಾಲೇಜುಗಳಿಗೆ ಕಳಿಸುತ್ತದೆ. 2020ರಲ್ಲಿ ಮಿಲಿಟರಿ ವ್ಯವಹಾರಗಳ ಇಲಾಖೆ ಹುಟ್ಟಿದಾಗ ಸಮವಸ್ತ್ರದವರು ಸಚಿವಾಲಯದ ಕುರ್ಚಿಗೇ ಬಂದರು. ಆ ಬಾಗಿಲು ಎರಡೂ ಕಡೆಗೆ ತೆರೆಯಬೇಕು.

ನಲವತ್ತರ ಆಸುಪಾಸಿನ ವಿಜ್ಞಾನಿಗಳಿಗೆ, ಎಂಜಿನಿಯರ್‌ಗಳಿಗೆ ಸೈನಿಕ್‌ಪುರಿಯ ಪ್ರತಿ ತಂಡದಲ್ಲೂ ಖಚಿತ ಸೀಟುಗಳಿರಲಿ. ಎರಡು ವರ್ಷ ಸೇನೆಯ ಯಾವುದಾದರೂ ಕಮಾಂಡ್‌ನಲ್ಲಿ ಕೆಲಸ ಮಾಡಲಿ, ಬಡ್ತಿಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಲಿ. ಸಣ್ಣ ಯೋಜನೆಯೊಂದನ್ನು ಪೂರ್ತಿಯಾಗಿ ಕೈಗೆ ಕೊಡಲಿ, ಸೋಲುವ ಅವಕಾಶದ ಸಮೇತ. ಎಂಜಿನಿಯರ್-ಇನ್-ಚೀಫ್ ಹುದ್ದೆಗೆ ಯೋಗ್ಯತೆ ನೋಡಲಿ, ಬಟ್ಟೆಯನ್ನಲ್ಲ.

ಸೇನೆ ತನ್ನ ಕರ್ನಲ್‌ಗಳಿಗೆ ಕೊಡುವ ಹತ್ತು ತಿಂಗಳು ಖರ್ಚಲ್ಲ ಎಂದು ಅದಕ್ಕೆ ಐವತ್ತು ವರ್ಷಗಳಿಂದ ಗೊತ್ತಿದೆ. ಅದೇ ಲೆಕ್ಕ ಕಂಚನ್‌ಬಾಗ್‌ಗೂ ಅನ್ವಯಿಸುತ್ತದೆ.