ಫೋನಿನ ಪೆಟ್ಟಿಗೆಯ ಮೇಲೆ ಕೊನೆಯ ದಿನಾಂಕ ಮುದ್ರಿಸಬೇಕೆಂದು ಕೋರಿ ಮನವಿ ಪತ್ರ

ಗೆ,
ಮಾನ್ಯ ಕಾರ್ಯದರ್ಶಿಗಳು,
ಗ್ರಾಹಕ ವ್ಯವಹಾರಗಳ ಇಲಾಖೆ, ಭಾರತ ಸರ್ಕಾರ,
ಕೃಷಿ ಭವನ, ನವದೆಹಲಿ.

ಇಂದ,
ಒಂದೇ ಫ್ಯಾಮಿಲಿ ಪ್ಲಾನಿನಲ್ಲಿರುವ ಐವರು ಗ್ರಾಹಕರು,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ, ಕರ್ನಾಟಕ.

ವಿಷಯ: ಸ್ಮಾರ್ಟ್‌ಫೋನಿಗೆ ಭದ್ರತಾ ಅಪ್‌ಡೇಟ್ ನಿಲ್ಲುವ ದಿನಾಂಕ, ರಿಪೇರಿಯ ವಿವರ ಹಾಗೂ ಬ್ಯಾಂಡ್‌ಗಳ ಮಾಹಿತಿಯನ್ನು ಪೆಟ್ಟಿಗೆಯ ಮೇಲೆ ಕಡ್ಡಾಯಗೊಳಿಸುವ ಬಗ್ಗೆ, ಫ್ಯಾಮಿಲಿ ಪ್ಲಾನಿನ ಕೆಲವು ತೊಡಕುಗಳ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮದು ಐದು ಫೋನು, ಐದು ನಂಬರು, ಒಂದು ಬಿಲ್ಲಿನ ಕುಟುಂಬ. ನಾನು, ನನ್ನ ಪತ್ನಿ, ಎಂಬತ್ತರ ಹತ್ತಿರದಲ್ಲಿರುವ ನನ್ನ ತಾಯಿ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ, ಪದವಿ ಓದುತ್ತಿರುವ ಮಗಳು, ಇಷ್ಟೂ ಜನ ಒಂದೇ ಪೋಸ್ಟ್‌ಪೇಯ್ಡ್ ಪ್ಲಾನಿನ ಡೇಟಾ ಹಂಚಿಕೊಂಡು ಬಳಸುತ್ತೇವೆ. ಬಿಲ್ಲು ನನ್ನ ಹೆಸರಿಗೆ ಬರುವುದರಿಂದ ಈ ಮನವಿ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂತು. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನಮಗೆ ಕೊಟ್ಟಿದೆ.

ಮಗಳ ಫೋನಿನ ಬ್ಯಾಟರಿ ಕೆಟ್ಟದ್ದು ಈ ಪತ್ರಕ್ಕೆ ಕಾರಣ. ಒಂದು ಹೊಸ ಫೋನು ಕೊಡಿಸಿದರೆ ಮುಗಿಯಿತಲ್ಲ ಎಂದು ತಮಗೆ ಅನ್ನಿಸಬಹುದು. ನಮ್ಮಂಥ ಮನೆಗಳಲ್ಲಿ ಅದು ಹಾಗೆ ಮುಗಿಯುವುದಿಲ್ಲ. ಮೇಲಿನ ತೋಟದ ನೀರು ಕಾದಿಗೆಯಲ್ಲಿ ಕೆಳಗಿನ ತೋಟಕ್ಕೆ ಇಳಿಯುವ ಹಾಗೆ ನಮ್ಮಲ್ಲಿ ಫೋನು ಇಳಿಯುತ್ತದೆ. ಹೊಸದು ಮಗನಿಗೆ, ಏಕೆಂದರೆ ಅವನ ಕೆಲಸವೇ ಅದರಲ್ಲಿ ನಡೆಯುವುದು. ಅವನದು ಮಗಳಿಗೆ. ಮಗಳದು ಬ್ಯಾಟರಿ ಬದಲಿಸಿಕೊಂಡು ಪತ್ನಿಗೆ. ಪತ್ನಿಯದು ಅಮ್ಮನಿಗೆ. ಅಂಗಡಿಯವನ ಪ್ರಕಾರ ನಾವು ಒಂದು ಫೋನು ಕೊಳ್ಳುತ್ತೇವೆ. ಮನೆಯ ಲೆಕ್ಕದಲ್ಲಿ ನಾಲ್ಕು ಫೋನು ಕೈ ಬದಲಾಗುತ್ತವೆ. ಆದ್ದರಿಂದ ನಾವು ಕೊಳ್ಳುವ ಫೋನು ಒಬ್ಬರ ಕೈಯಲ್ಲಿ ಮೂರು ವರ್ಷ ಬಾಳಿದರೆ ಸಾಲದು. ಅದಕ್ಕೆ ಕಡಿಮೆಯೆಂದರೂ ಆರೇಳು ವರ್ಷ ಆಯುಷ್ಯ ಬೇಕು.

ಈ ಇಳಿಜಾರಿನ ತುದಿಯಲ್ಲಿ ಕೂತವರು ಅಮ್ಮ. ಈಗ ಅವರ ಕೈಯಲ್ಲಿರುವ ಫೋನಿನ ಸೆಟ್ಟಿಂಗ್ಸ್ ತೆರೆದು 'ಸೆಕ್ಯುರಿಟಿ ಅಪ್‌ಡೇಟ್' ಎಂಬಲ್ಲಿ ನೋಡಿದರೆ 2021ರ ದಿನಾಂಕವಿದೆ. ಅಲ್ಲಿಂದೀಚೆಗೆ ಪತ್ತೆಯಾದ ಯಾವ ಲೋಪಕ್ಕೂ ಆ ಫೋನಿನಲ್ಲಿ ತೇಪೆ ಬಿದ್ದಿಲ್ಲ. ಅವರ ಪಿಂಚಣಿ ಜಮೆಯಾಗುವ ಖಾತೆಯ ಒಟಿಪಿ ಅದಕ್ಕೇ ಬರುತ್ತದೆ. ಮೋಸದ ಕರೆ ಮಾಡುವವರು ಹುಡುಕಿಕೊಂಡು ಬರುವುದೂ ಅಂಥ ವಯಸ್ಸಿನವರನ್ನೇ. ಮನೆಯಲ್ಲಿ ಅತ್ಯಂತ ಕಡಿಮೆ ರಕ್ಷಣೆಯಿರುವ ಫೋನು, ಅತ್ಯಂತ ಹೆಚ್ಚು ರಕ್ಷಣೆ ಬೇಕಾದವರ ಕೈಯಲ್ಲಿದೆ. ಇದನ್ನು ನಾವು ತಿಳಿದು ಮಾಡಲಿಲ್ಲ. ತಿಳಿಯುವ ದಾರಿಯೇ ಇರಲಿಲ್ಲ.

ಹೋದ ತಿಂಗಳು ನಾನೂ ಮಗಳೂ ಪೇಟೆಯ ಅಂಗಡಿಗೆ ಹೋದೆವು. ₹18,000ದ ಒಂದು, ₹30,000ದ ಒಂದು ಮುಂದಿಟ್ಟರು. ಕ್ಯಾಮೆರಾದ ಮೆಗಾಪಿಕ್ಸೆಲ್, ಚಾರ್ಜರಿನ ವ್ಯಾಟ್, ಪರದೆಯ ಹೊಳಪು ಎಲ್ಲವನ್ನೂ ಅಂಗಡಿಯ ಹುಡುಗ ಒಂದೇ ಉಸಿರಿಗೆ ಒಪ್ಪಿಸಿದ. 'ಇದಕ್ಕೆ ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತದಪ್ಪ?' ಎಂದು ಕೇಳಿದೆ. 'ಬರ್ತಾ ಇರುತ್ತೆ ಸಾರ್' ಎಂದ. ಅವನದು ತಪ್ಪಲ್ಲ, ಅವನಿಗೂ ಯಾರೂ ಹೇಳಿಲ್ಲ. ಮೊದಲನೆಯದಕ್ಕೆ ಇನ್ನು ಮೂರು ವರ್ಷ ಅಪ್‌ಡೇಟ್ ಬರುವುದಾದರೆ ನಮಗೆ ವರ್ಷಕ್ಕೆ ಬೀಳುವುದು ₹6,000. ಎರಡನೆಯದಕ್ಕೆ ಆರು ವರ್ಷ ಬರುವುದಾದರೆ ₹5,000. ಅಗ್ಗದ್ದೇ ದುಬಾರಿ! ಆದರೆ ಈ ಲೆಕ್ಕ ಮಾಡಲು ಬೆಲೆಯನ್ನು ಯಾವ ಸಂಖ್ಯೆಯಿಂದ ಭಾಗಿಸಬೇಕೋ ಆ ಸಂಖ್ಯೆ ಪೆಟ್ಟಿಗೆಯ ಆರು ಮುಖಗಳಲ್ಲಿ ಒಂದರ ಮೇಲೂ ಇಲ್ಲ.

ಜಾಹೀರಾತಿನಲ್ಲಿ ವರ್ಷ ಹೇಳುವ ಕಂಪನಿಗಳು ಇಲ್ಲದಿಲ್ಲ. 2023ರಲ್ಲಿ ಪಿಕ್ಸೆಲ್ 8ಕ್ಕೆ ಗೂಗಲ್, 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಏಳು ವರ್ಷದ ಮಾತು ಕೊಟ್ಟವು. ಒಳ್ಳೆಯದೇ. ಆದರೆ ಆ ವರ್ಷಗಳ ಎಣಿಕೆ ಸಾಮಾನ್ಯವಾಗಿ ಫೋನು ಮಾರುಕಟ್ಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ದೀಪಾವಳಿ ರಿಯಾಯಿತಿಯಲ್ಲಿ ಬೆಲೆ ಇಳಿಸಿ ಮಾರುವುದು ಹೆಚ್ಚಾಗಿ ವರ್ಷ ಎರಡು ವರ್ಷ ಹಳೆಯ ಮಾದರಿಗಳನ್ನು. ಅಷ್ಟು ಆಯುಷ್ಯ ಗೋದಾಮಿನಲ್ಲೇ ಕಳೆದಿರುತ್ತದೆ. ಸಾಲದ್ದಕ್ಕೆ ಆಂಡ್ರಾಯ್ಡ್‌ನ ಹೊಸ ಆವೃತ್ತಿ ಎಷ್ಟು ವರ್ಷ, ಭದ್ರತಾ ತೇಪೆ ಎಷ್ಟು ವರ್ಷ ಎಂಬ ಎರಡು ಬೇರೆ ಲೆಕ್ಕಗಳನ್ನು ಬೆರೆಸಿ ಹೇಳಿದರೆ ಕೊಳ್ಳುವವನಿಗೆ ತಲೆಬುಡ ತಿಳಿಯುವುದಿಲ್ಲ. ಅದಕ್ಕೇ ನಾವು ಕೇಳುತ್ತಿರುವುದು ಇಷ್ಟು ವರ್ಷ ಎಂಬ ಮಾತನ್ನಲ್ಲ. ತಿಂಗಳು, ಇಸವಿ ಇರುವ ದಿನಾಂಕವನ್ನು.

ಆದ್ದರಿಂದ ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ: ಭಾರತದಲ್ಲಿ ಮಾರುವ ಪ್ರತಿ ಸ್ಮಾರ್ಟ್‌ಫೋನಿನ ಪೆಟ್ಟಿಗೆಯ ಮೇಲೆ, ಗರಿಷ್ಠ ಮಾರಾಟ ಬೆಲೆಯ ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, 'ಭದ್ರತಾ ಅಪ್‌ಡೇಟ್ ಇಲ್ಲಿಯವರೆಗೆ' ಎಂದು ತಿಂಗಳು ಮತ್ತು ವರ್ಷ ಮುದ್ರಿಸಬೇಕು. ಆನ್‌ಲೈನ್ ಮಾರಾಟದಲ್ಲೂ ಬೆಲೆಯ ಪಕ್ಕದಲ್ಲೇ ಅದು ಕಾಣಬೇಕು. ಇದಕ್ಕೆ ಹೊಸ ಶಾಸನ ಬೇಕೆಂದು ನಮಗೆ ತೋರುವುದಿಲ್ಲ. ತಯಾರಿಕೆಯ ಅಥವಾ ಆಮದಿನ ವಿವರ, ಬೆಲೆ, ದೂರಿಗೆ ಸಂಪರ್ಕಿಸಬೇಕಾದ ವಿಳಾಸ ಇವೆಲ್ಲ ಪೆಟ್ಟಿಗೆಯ ಮೇಲೆ ಬಂದದ್ದು 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳ) ನಿಯಮಗಳಿಂದ, ಮತ್ತು ಆ ನಿಯಮಗಳು ತಮ್ಮ ಇಲಾಖೆಯವೇ. ಹುಟ್ಟಿದ ದಿನ ಬರೆಸಿದವರು ಕೊನೆಯ ದಿನವನ್ನೂ ಬರೆಸಬಹುದು. ಬ್ರೆಡ್ಡಿಗಿರುವ ಈ ಮರ್ಯಾದೆ ₹30,000ದ ಫೋನಿಗೂ ಸಲ್ಲಲಿ. ಸರಕಿನ ಗುಣಮಟ್ಟದ ಬಗ್ಗೆ ಮಾಹಿತಿ ಪಡೆಯುವುದು ಗ್ರಾಹಕನ ಹಕ್ಕೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಹೇಳಿದೆ.

ಹೀಗೆ ಮಾಡಿದರೆ ಉದ್ಯಮಕ್ಕೆ ಹೊರೆಯಾಗುತ್ತದೆ ಎಂಬ ವಾದ ಬಂದರೆ ದಯವಿಟ್ಟು ಒಪ್ಪಬೇಡಿ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಬರುತ್ತದೆಂಬುದನ್ನು ತಯಾರಕರು ಪ್ರಕಟಿಸಲೇಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ಫೋನುಗಳ ಜೊತೆಗೆ ಬರುವ ಲೇಬಲ್ಲಿನಲ್ಲಿ ರಿಪೇರಿಯ ದರ್ಜೆ ಇರುತ್ತದೆ. ಬ್ಯಾಟರಿ 800 ಸಲ ಚಾರ್ಜಾದ ಮೇಲೂ 80% ಸಾಮರ್ಥ್ಯ ಉಳಿಸಿಕೊಂಡಿರಬೇಕು. ಆ ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು. ಅಲ್ಲಿ ಈ ನಿಯಮ ಪಾಲಿಸುವ ಹಲವು ಕಂಪನಿಗಳೇ ನಮ್ಮ ಪೇಟೆಯಲ್ಲೂ ಫೋನು ಮಾರುತ್ತಿರುವುದು. ಅಲ್ಲಿ ಹೇಳುವುದನ್ನು ಇಲ್ಲೂ ಹೇಳಿ ಎಂದಷ್ಟೇ ನಮ್ಮ ಕೋರಿಕೆ.

ಎರಡನೆಯದು ರಿಪೇರಿ. ಎರಡು ವರ್ಷದ ಹಿಂದೆ ಪತ್ನಿಯ ಫೋನು ಕಟ್ಟೆಯ ಮೇಲಿಂದ ಬಿದ್ದು ಡಿಸ್‌ಪ್ಲೇ ಒಡೆಯಿತು. ಸುಮಾರು 70 ಕಿ.ಮೀ. ದೂರದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ ಅಧಿಕೃತ ಸೇವಾ ಕೇಂದ್ರದಲ್ಲಿ ತೋರಿಸಿದರೆ, ಫೋನಿನ ಅರ್ಧ ಬೆಲೆಗಿಂತ ಹೆಚ್ಚು ಹೇಳಿದರು. ಭಾಗ ಬರಲು ಹದಿನೈದು ದಿನ ಎಂದರು. ಕಡೆಗೆ ಬಸ್‌ ನಿಲ್ದಾಣದ ಹತ್ತಿರದ ರಿಪೇರಿ ಅಂಗಡಿಯವನು ಯಾವುದೋ ಡಿಸ್‌ಪ್ಲೇ ಕೂರಿಸಿಕೊಟ್ಟ, ಬಿಸಿಲಿನಲ್ಲಿ ಅದರಲ್ಲಿ ಏನೂ ಕಾಣುವುದಿಲ್ಲ. ತಮ್ಮ ಇಲಾಖೆ ನೇಮಿಸಿದ ಸಮಿತಿಯು, ಫೋನು ರಿಪೇರಿಗೆ ಎಷ್ಟು ಸುಲಭ ಎಂದು ತಿಳಿಸುವ ರಿಪೇರಿ ಸೂಚ್ಯಂಕದ ಬಗ್ಗೆ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿದೆ. ಅಂಗಡಿಯಲ್ಲಿ, ಆನ್‌ಲೈನ್ ತಾಣದಲ್ಲಿ, ಪೆಟ್ಟಿಗೆಯ ಮೇಲಿನ ಕ್ಯೂಆರ್ ಸಂಕೇತದಲ್ಲಿ ಆ ಸೂಚ್ಯಂಕ ಸಿಗಬೇಕೆಂದೂ ಸಮಿತಿ ಹೇಳಿದೆ. ವರದಿಯನ್ನು ಬೇಗ ಕಡ್ಡಾಯ ನಿಯಮವಾಗಿ ಜಾರಿಗೊಳಿಸಬೇಕು. ಕ್ಯೂಆರ್ ಒಂದೇ ಆದರೆ ಸಾಲದು. ಹಳೆಯ ಫೋನು ಕೆಟ್ಟದ್ದಕ್ಕೇ ಹೊಸದು ಕೊಳ್ಳಲು ಬಂದವನು ಆ ಸಂಕೇತವನ್ನು ಯಾವುದರಲ್ಲಿ ಸ್ಕ್ಯಾನ್ ಮಾಡಬೇಕು? ಸೂಚ್ಯಂಕವನ್ನು ಅಂಕಿಯಲ್ಲಿ ಮುದ್ರಿಸಿ, ಬ್ಯಾಟರಿ ಮತ್ತು ಡಿಸ್‌ಪ್ಲೇ ಬದಲಿಸುವ ದರವನ್ನೂ ಪಕ್ಕದಲ್ಲಿ ಹಾಕಿಸಿ.

ಮೂರನೆಯದು ಮಲೆನಾಡಿನವರ ಪಾಡು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ. 700 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ದೂರ ಸಾಗುತ್ತವೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತವೆ. 3500 ಮೆಗಾಹರ್ಟ್ಸ್ ಸುತ್ತಿನವು ವೇಗ ಕೊಟ್ಟರೂ ಗುಡ್ಡ, ಮರ, ಗೋಡೆಗೆ ಸೋಲುತ್ತವೆ. 2022ರ ಹರಾಜಿನಲ್ಲಿ 700ರ ತರಂಗವನ್ನು ಕೊಂಡದ್ದು ಜಿಯೋ ಒಂದೇ. ಅಂದರೆ ಯಾವ ಸಿಮ್ಮಿಗೆ ಯಾವ ಬ್ಯಾಂಡ್ ಇರುವ ಫೋನು ಎಂಬುದು ನಮ್ಮ ಭಾಗದಲ್ಲಿ ಕ್ಯಾಮೆರಾಕ್ಕಿಂತ ದೊಡ್ಡ ಪ್ರಶ್ನೆ. ಪೆಟ್ಟಿಗೆಯ ಮೇಲೆ ಮಾತ್ರ '5ಜಿ' ಎಂಬ ಎರಡೇ ಅಕ್ಷರ. ಬೆಂಬಲಿಸುವ ಬ್ಯಾಂಡ್‌ಗಳ ಪಟ್ಟಿ ಅಲ್ಲೇ ಮುದ್ರಣವಾಗಲಿ.

ಮುಂದಿನ ಎರಡು ಸಂಗತಿಗಳು ದೂರಸಂಪರ್ಕಕ್ಕೆ ಸೇರಿದವು. ಆದರೂ ಫೋನಿನ ನಿರ್ಧಾರ ಪ್ಲಾನಿನಿಂದ ಬೇರೆಯಾಗಿ ನಿಲ್ಲುವುದಿಲ್ಲವಾದ್ದರಿಂದ ಇಲ್ಲೇ ಬರೆದು, ಪ್ರತಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೂ ಕಳುಹಿಸಿದ್ದೇವೆ. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಬೇಕಾದವರಿಗೆ ಪ್ರತ್ಯೇಕ ರೀಚಾರ್ಜ್ ಕೊಡಲೇಬೇಕೆಂದು ಪ್ರಾಧಿಕಾರ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಪ್ರೀಪೇಯ್ಡ್‌ನವರಿಗೆ ದೊರೆತ ಆ ನ್ಯಾಯ ಫ್ಯಾಮಿಲಿ ಪ್ಲಾನಿನೊಳಗಿನ ವೃದ್ಧರಿಗೂ ಸಿಗಲಿ. ಅಮ್ಮ ಡೇಟಾ ಮುಟ್ಟುವುದಿಲ್ಲ. ಅವರ ಪಾಲಿನದಕ್ಕೆ ತಿಂಗಳು ತಿಂಗಳೂ ದುಡ್ಡು ಕಟ್ಟುತ್ತಿದ್ದೇವೆ, ಅದನ್ನು ಮಗ ಕ್ರಿಕೆಟ್ ನೋಡಿ ಮುಗಿಸುತ್ತಾನೆ ಎಂಬುದು ಬೇರೆ ಮಾತು.

ಇನ್ನೊಂದು, ನಮ್ಮ ಐದೂ ನಂಬರುಗಳು ನನ್ನ ಹೆಸರಿನಲ್ಲಿವೆ. ಒಬ್ಬರ ಹೆಸರಿನಲ್ಲಿ ಒಂಬತ್ತರವರೆಗೆ ಸಿಮ್ ಇರಬಹುದು, ಹಾಗಾಗಿ ಅದರಲ್ಲಿ ತಪ್ಪೇನಿಲ್ಲ. ಮಗ ತನ್ನ ನಂಬರನ್ನು ತನ್ನ ಹೆಸರಿಗೆ ಮಾಡಿಕೊಂಡು ಪ್ಲಾನಿನಿಂದ ಹೊರಬರಲು ಹೋದಾಗ, ಮೂಲ ಗ್ರಾಹಕರೇ ಖುದ್ದಾಗಿ ಬರಬೇಕೆಂದು ಬೆಂಗಳೂರಿನ ಮಳಿಗೆಯವರು ವಾಪಸು ಕಳಿಸಿದರು. ಕೊಯ್ಲಿನ ದಿನಗಳಲ್ಲಿ ತೋಟ ಬಿಟ್ಟು ನಾನು ಹೋಗುವುದೆಲ್ಲಿಗೆ? ನಾಳೆ ಮಗಳು ಮದುವೆಯಾಗಿ ಹೋದರೆ ಅವಳ ಬ್ಯಾಂಕು, ಆಧಾರ್ ಎಲ್ಲಕ್ಕೂ ಜೋಡಣೆಯಾದ ನಂಬರು ಅಪ್ಪನ ಹೆಸರಿನಲ್ಲೇ ಉಳಿಯಬೇಕೆ? ಇಬ್ಬರ ಒಟಿಪಿ ಒಪ್ಪಿಗೆಯಿಂದ ಮನೆಯಲ್ಲೇ ಹೆಸರು ಬದಲಿಸುವ ವ್ಯವಸ್ಥೆ ಬರಲಿ.

ಕಂತಿನ ವಿಷಯ ಚಿಕ್ಕದು. 'ನೋ ಕಾಸ್ಟ್ ಇಎಂಐ' ಎಂಬ ಫಲಕ ಎಲ್ಲ ಅಂಗಡಿಯಲ್ಲೂ ತೂಗುತ್ತಿದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಸುತ್ತೋಲೆ ಹೊರಡಿಸಿತ್ತು. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಮ್ಮ ಮೇಲೇ ಬೀಳುತ್ತದೆ. ಒಟ್ಟು ಕಟ್ಟಬೇಕಾದ ಮೊತ್ತವನ್ನು ಫಲಕದಲ್ಲೇ ಬರೆಯುವಂತಾಗಲಿ. ಅಂದಹಾಗೆ ₹18,000ದ ಫೋನಿನಲ್ಲಿ ಸುಮಾರು ₹2,745 ಜಿಎಸ್‌ಟಿ ಇದೆ. ಅಷ್ಟು ತೆರಿಗೆ ಕೊಡುವವನು ಪೆಟ್ಟಿಗೆಯ ಮೇಲೆ ಒಂದು ಸಾಲು ಹೆಚ್ಚಿಗೆ ಕೇಳಿದರೆ ಅತಿಯಾಸೆಯಲ್ಲ.

ಸಾಧ್ಯವಾದರೆ ಆ ಸಾಲು ಕನ್ನಡದಲ್ಲೂ ಇರಲಿ. ಅಮ್ಮ ಓದುವುದು ಕನ್ನಡ ಮಾತ್ರ.

ನಮ್ಮ ಮನೆಯಲ್ಲಿ ಈ ವಿಷಯವಾಗಿ ಮೂರು ಭಾನುವಾರ ಚರ್ಚೆಯಾಗಿದೆ. ಮಗಳು ದುಬಾರಿಯದೇ ಇರಲಿ ಎನ್ನುತ್ತಾಳೆ, ಪತ್ನಿ ಅಗ್ಗದ್ದು ಸಾಕು ಎನ್ನುತ್ತಾರೆ, ಮಗ ಫೋನಿನಲ್ಲೇ ಭಾಗವಹಿಸಿ ಮಧ್ಯದಲ್ಲಿ ಕಡಿದುಹೋಗುತ್ತಾನೆ. ಕೊನೆಯ ದಿನಾಂಕ ತಿಳಿಯದೆ ಕೊಳ್ಳುವುದು ಬೇಡವೆಂದು ನಾನು ತಡೆಹಿಡಿದಿದ್ದೇನೆ. ಮಗಳ ಫೋನು ಮಧ್ಯಾಹ್ನದ ಊಟದ ಹೊತ್ತಿಗೇ ಆರಿಹೋಗುತ್ತಿರುವುದರಿಂದ, ತಾವು ಈ ಮನವಿಯನ್ನು ತುರ್ತಾಗಿ ಪರಿಶೀಲಿಸಿ, ತೆಗೆದುಕೊಂಡ ಕ್ರಮವನ್ನು ಬರವಣಿಗೆಯಲ್ಲಿ ತಿಳಿಸಬೇಕಾಗಿ ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ಕುಟುಂಬದ ಐವರು ಸದಸ್ಯರು
(ಸಹಿಗಳು, ಬೆಂಗಳೂರಿನಲ್ಲಿರುವ ಮಗನ ಸಹಿಯನ್ನು ಅಂಚೆಯಲ್ಲಿ ತರಿಸಿದೆ)

ಸ್ಥಳ: ಸಾಗರ
ದಿನಾಂಕ: 24 ಡಿಸೆಂಬರ್ 2025, ರಾಷ್ಟ್ರೀಯ ಗ್ರಾಹಕ ದಿನ

ಪ್ರತಿ: ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಪ್ರಾದೇಶಿಕ ಕಚೇರಿ, ಬೆಂಗಳೂರು.