ಪಾರ್ಶ್ವವಾಯು: ಜೀವ ಉಳಿಸಿದ ಮೇಲೆ ಮುಂದೇನು?

ಘಟಪ್ರಭಾ ನದಿಗೆ ಧುಪದಾಳದ ಬಳಿ ಅಡ್ಡಗಟ್ಟೆ ಕಟ್ಟಿದ್ದು 1897ರಲ್ಲಿ. ಅದರ ಹಿನ್ನೀರಿನ ದಂಡೆಯಲ್ಲಿ ಮುಂಜಾನೆ ಅಡ್ಡಾಡಿ ಬರುವುದು ನನ್ನ ಅಣ್ಣನವರ ಬಹುಕಾಲದ ರೂಢಿ. ಎರಡು ವರ್ಷಗಳ ಹಿಂದೆ, ಎಪ್ಪತ್ತೊಂದರ ವಯಸ್ಸಿನಲ್ಲಿ, ಹಾಗೆ ಅಡ್ಡಾಡಿ ಬಂದು ಕುಳಿತಾಗ ಅವರ ಬಲಗೈಯಿಂದ ಚಹಾದ ಕಪ್ಪು ಜಾರಿತು. ಬಾಯಿ ಸೊಟ್ಟಗಾಯಿತು, ಮಾತು ತೊದಲಿತು. ಊರಿನವರ ಮಾತಿನಲ್ಲಿ ಹೇಳುವುದಾದರೆ ‘ಲಕ್ವ ಹೊಡೆಯಿತು’. ವಾಹನ ಹೊಂದಿಸಿಕೊಂಡು ನಗರದ ಆಸ್ಪತ್ರೆಯೊಂದನ್ನು ತಲುಪುವಷ್ಟರಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದಿನ ಅವಧಿ, ಅಂದರೆ ನಾಲ್ಕೂವರೆ ಗಂಟೆ, ಮುಗಿದಿತ್ತು. ಆದರೂ ವೈದ್ಯರು ಜೀವ ಉಳಿಸಿದರು. ಎಂಟನೆಯ ದಿನ ಮನೆಗೆ ಕಳುಹಿಸುವಾಗ ಕೊಟ್ಟ ಕಾಗದದಲ್ಲಿ ಐದು ಬಗೆಯ ಮಾತ್ರೆಗಳ ವಿವರವಿತ್ತು. ಕೊನೆಯಲ್ಲಿ ‘ಫಿಜಿಯೋಥೆರಪಿ ಮಾಡಿಸುವುದು’ ಎಂಬ ಒಂದು ಸಾಲಿತ್ತು. ಯಾರಿಂದ, ಎಲ್ಲಿ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ತಿಂಗಳು ಎಂಬ ವಿವರ ಇರಲಿಲ್ಲ.

ಆ ಒಂದು ಸಾಲನ್ನು ನಾವೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಯಾರೋ ಹೇಳಿದ ನಾಟಿ ಔಷಧವಾಯಿತು, ಎಣ್ಣೆ ತಿಕ್ಕಿಸಿದ್ದಾಯಿತು. ‘ಈ ವಯಸ್ಸಿನಲ್ಲಿ ಇನ್ನೆಷ್ಟು ಸುಧಾರಿಸೀತು?’ ಎಂದು ನೋಡಲು ಬಂದವರೆಲ್ಲ ಹೇಳಿದರು. ವಿದ್ಯಾವಂತನೆನಿಸಿಕೊಂಡ ನಾನೂ ಹಾಗೆಯೇ ನಂಬಿದ್ದೆ. ನಿಯಮಿತವಾದ ವ್ಯಾಯಾಮ ಚಿಕಿತ್ಸೆ ಆರಂಭವಾಗುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿದ್ದವು.

ಈ ನಂಬಿಕೆಯ ಹಿಂದೆ ಒಂದು ಕಾಲದ ವಿಜ್ಞಾನದ ಬೆಂಬಲವೂ ಇತ್ತು. 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ವಿಜ್ಞಾನಿ ರಮೋನ್ ಇ ಕಹಾಲ್ ಅವರು, ಬೆಳೆದ ಮಿದುಳಿನ ನರಮಾರ್ಗಗಳು ಒಮ್ಮೆ ರೂಪುಗೊಂಡ ಮೇಲೆ ಬದಲಾಗುವುದಿಲ್ಲ ಎಂಬ ಅಭಿಪ್ರಾಯಕ್ಕೆ ಬಂದಿದ್ದರು. ಹಲವು ದಶಕಗಳ ಕಾಲ ವೈದ್ಯಲೋಕ ಅದನ್ನೇ ನೆಚ್ಚಿಕೊಂಡಿತ್ತು. ಇಂದು ಆ ತಿಳಿವಳಿಕೆ ಬದಲಾಗಿದೆ. ಹೆಪ್ಪುಗಟ್ಟಿದ ರಕ್ತನಾಳದ ಆಚೆ ಸತ್ತುಹೋದ ನರಕೋಶಗಳು ಮರಳಿ ಬರುವುದಿಲ್ಲವೆಂಬುದು ನಿಜ. ಆದರೆ ಅವುಗಳ ಸುತ್ತಲಿನ ಕೋಶಗಳು ಸುಮ್ಮನೆ ಕೂರುವುದಿಲ್ಲ. ಮೊದಲ ವಾರಗಳಲ್ಲಿ ಬಾವು ಇಳಿಯುತ್ತಿದ್ದಂತೆ, ಆಘಾತದಿಂದ ಸ್ತಬ್ಧವಾಗಿದ್ದ ಭಾಗಗಳು ಮತ್ತೆ ಕೆಲಸಕ್ಕೆ ತೊಡಗುತ್ತವೆ. ಉಳಿದ ನರಕೋಶಗಳು ಹೊಸ ತಂತುಗಳನ್ನು ಚಾಚಿ ಹೊಸ ಸಂಪರ್ಕಗಳನ್ನು ಕಟ್ಟಿಕೊಳ್ಳುತ್ತವೆ. ಕೈಯನ್ನು ಆಡಿಸುತ್ತಿದ್ದ ಭಾಗ ನಾಶವಾಗಿದ್ದರೆ ನೆರೆಯ ಭಾಗ ಆ ಹೊಣೆಯ ಒಂದಷ್ಟನ್ನು ವಹಿಸಿಕೊಳ್ಳುತ್ತದೆ. ವಯಸ್ಸಾದಂತೆ ಈ ಕ್ರಿಯೆ ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ.

ಇದಕ್ಕೆ ವೈದ್ಯಕೀಯ ಇತಿಹಾಸದಲ್ಲಿ ಪ್ರಸಿದ್ಧವಾದ ನಿದರ್ಶನವೊಂದಿದೆ. 1950ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಪ್ರಾಧ್ಯಾಪಕ ಪೆದ್ರೊ ಬಾಕ್-ಇ-ರೀಟಾ ಅವರಿಗೆ 65ನೆಯ ವಯಸ್ಸಿನಲ್ಲಿ ಪಾರ್ಶ್ವವಾಯುವಾಯಿತು. ಮಗನೊಬ್ಬ ಅವರಿಗೆ ಮಗುವಿನಂತೆ ಅಂಬೆಗಾಲಿಡುವುದರಿಂದ ಮೊದಲ್ಗೊಂಡು ಪಾತ್ರೆ ತೊಳೆಯುವವರೆಗೆ ದಿನದಿನವೂ ಅಭ್ಯಾಸ ಮಾಡಿಸಿದ. ಅವರು ಮತ್ತೆ ಪಾಠ ಹೇಳುವಷ್ಟು ಚೇತರಿಸಿಕೊಂಡರು. ಏಳು ವರ್ಷಗಳ ನಂತರ ಪರ್ವತಾರೋಹಣದ ವೇಳೆ ತೀರಿಕೊಂಡಾಗ ಶವಪರೀಕ್ಷೆ ನಡೆಯಿತು. ಮಿದುಳಿನ ಕಾಂಡಕ್ಕೆ ಆಗಿದ್ದ ಭಾರಿ ಹಾನಿ ಹಾಗೆಯೇ ಇತ್ತು. ಹಾನಿಯನ್ನು ಸುತ್ತುಹಾಕಿ ಹೋಗುವ ಮಾರ್ಗಗಳನ್ನು ಅವರ ಮಿದುಳು ಕಂಡುಕೊಂಡಿತ್ತು. ಅವರ ಇನ್ನೊಬ್ಬ ಮಗ ಪಾಲ್ ಮುಂದೆ ಈ ಕ್ಷೇತ್ರದ ಪ್ರಮುಖ ಸಂಶೋಧಕರಾದರು.

ಆದರೆ ಈ ದುರಸ್ತಿ ತಾನಾಗಿಯೇ ಪೂರ್ಣವಾಗುವುದಿಲ್ಲ. ಬಳಸದ ಕೈಗೆ ಮಿದುಳಿನಲ್ಲಿರುವ ಜಾಗ ಕುಗ್ಗುತ್ತದೆ, ಪದೇ ಪದೇ ಬಳಸಿದರೆ ಉಳಿಯುತ್ತದೆ, ಕೆಲವೊಮ್ಮೆ ಹಿಗ್ಗುತ್ತದೆ ಎಂದು ರ‍್ಯಾಂಡಾಲ್ಫ್ ನುಡೊ ಮತ್ತು ಸಂಗಡಿಗರು 1996ರಲ್ಲಿ ಕೋತಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಸಮಯವೂ ಮುಖ್ಯ. ಮೊದಲ 24 ಗಂಟೆಗಳೊಳಗೇ ರೋಗಿಯನ್ನು ಅತಿಯಾಗಿ ಎಬ್ಬಿಸಿ ನಡೆಸುವುದು ಹಿತವಲ್ಲವೆಂದು 2015ರಲ್ಲಿ ಪ್ರಕಟವಾದ ‘ಅವರ್ಟ್’ ಅಧ್ಯಯನ ಎಚ್ಚರಿಸಿತು. ಇನ್ನೊಂದೆಡೆ, 2021ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪುಟ್ಟ ಅಧ್ಯಯನವೊಂದರಲ್ಲಿ ರೋಗಿಗಳಿಗೆ ಕೈಯ ತರಬೇತಿಯನ್ನು 20 ಗಂಟೆಗಳಷ್ಟು ಹೆಚ್ಚಾಗಿ ಕೊಡಲಾಯಿತು. ಎರಡು-ಮೂರು ತಿಂಗಳ ಅವಧಿಯಲ್ಲಿ ಅದನ್ನು ಪಡೆದವರಿಗೆ ಹೆಚ್ಚಿನ ಪ್ರಯೋಜನವಾಯಿತು. ಆರು ತಿಂಗಳು ಕಳೆದ ಮೇಲೆ ಅಷ್ಟೇ ತರಬೇತಿ ಪಡೆದವರಿಗೆ ಆ ಲಾಭ ಸಿಗಲಿಲ್ಲ. ನಮ್ಮ ಮನೆಯಲ್ಲಿ ನಾಟಿ ಔಷಧದಲ್ಲಿ ಕಳೆದುಹೋದದ್ದು ಸರಿಯಾಗಿ ಆ ಬೆಲೆಬಾಳುವ ಕಾಲವೇ.

‘ಮನೆಯವರೇ ಮಾಡಿಸಿದರಾಯಿತು, ಅದಕ್ಕೆ ಸರ್ಕಾರ ಏಕೆ?’ ಎಂಬ ಪ್ರಶ್ನೆ ಏಳುವುದು ಸಹಜ. ಪೆದ್ರೊ ಅವರ ಮಗ ಮಾಡಿಸಲಿಲ್ಲವೇ? ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ದೊರೆತಿದೆ. ‘ಅಟೆಂಡ್’ ಎಂಬ ಅಧ್ಯಯನದಲ್ಲಿ ಭಾರತದ 14 ಆಸ್ಪತ್ರೆಗಳ 1250 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಯವರಿಗೆ ಆರೈಕೆ ಮತ್ತು ವ್ಯಾಯಾಮದ ತರಬೇತಿ ನೀಡಲಾಯಿತು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳ ನಂತರ ತೀರಿಕೊಂಡವರ ಅಥವಾ ಪರಾವಲಂಬಿಗಳಾಗಿ ಉಳಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಒಂದೇ, ಶೇ 47. ಕುಟುಂಬದ ಮಮತೆಯನ್ನು ಇದು ಅಲ್ಲಗಳೆಯುವುದಿಲ್ಲ. ಆದರೆ ತಜ್ಞರು ಮಾಡಬೇಕಾದ ಕೆಲಸವನ್ನು ಅತ್ತಿಗೆಯ, ಸೊಸೆಯ ತಲೆಗೆ ಕಟ್ಟಿ ಸರ್ಕಾರ ಕೈತೊಳೆದುಕೊಳ್ಳಲಾಗದು ಎಂಬುದಂತೂ ಇದರಿಂದ ಸ್ಪಷ್ಟ.

ನಮ್ಮ ಸಾರ್ವಜನಿಕ ವೆಚ್ಚ ಎತ್ತ ಹರಿಯುತ್ತಿದೆ? ಆಯುಷ್ಮಾನ್ ಭಾರತ್ ಯೋಜನೆ 2018ರಿಂದ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಭರವಸೆ ನೀಡಿದೆ. 2024ರಲ್ಲಿ ಅದನ್ನು 70 ದಾಟಿದ ಎಲ್ಲರಿಗೂ ವಿಸ್ತರಿಸಲಾಯಿತು. ಇವು ಸ್ವಾಗತಾರ್ಹ ಕ್ರಮಗಳೇ. ಆದರೆ ಅದು ಮುಖ್ಯವಾಗಿ ಹಾಸಿಗೆಯ ಲೆಕ್ಕ. ಬಿಡುಗಡೆಯ ನಂತರದ ವೆಚ್ಚಕ್ಕೆ ದೊರೆಯುವುದು 15 ದಿನಗಳ ರಕ್ಷಣೆ. ಮಿದುಳು ಕೇಳುವುದಾದರೋ ಮೂರು ತಿಂಗಳು. ಹೃದಯಾಘಾತಕ್ಕೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಯವರೆಗೂ ಇಳಿದುಬಂದಿದೆ. ಮಿದುಳಿನ ವಿಷಯದಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಒಳ್ಳೆಯ ಹೆಜ್ಜೆ. ಅದು ಜಿಲ್ಲಾ ಆಸ್ಪತ್ರೆಯ ಹೊಸ್ತಿಲು ದಾಟಿ ಧುಪದಾಳದಂಥ ಊರಿನ ಪಡಸಾಲೆಗೆ ಬರಬೇಕಾಗಿದೆ.

ನೀರಾವರಿಯಲ್ಲಿ ನಾವು ಇದೇ ತಪ್ಪು ಮಾಡಿ ಕಲಿತವರು. ದೊಡ್ಡ ಅಣೆಕಟ್ಟು, ದೊಡ್ಡ ಕಾಲುವೆ ಕಟ್ಟಿ, ಹೊಲಗಾಲುವೆಗಳನ್ನು ರೈತರೇ ತೋಡಿಕೊಳ್ಳಲಿ ಎಂದು ಬಿಟ್ಟೆವು. ನೀರು ಕೊನೆಯ ಹೊಲಕ್ಕೆ ತಲುಪದಿದ್ದಾಗ, 1970ರ ದಶಕದಲ್ಲಿ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರಗಳನ್ನು ರಚಿಸಬೇಕಾಯಿತು. ಲಕ್ಷಾಂತರ ರೂಪಾಯಿ ವ್ಯಯಿಸಿ ಜೀವ ಉಳಿಸಿ, ಕೆಲವೇ ಸಾವಿರದ ಪುನಶ್ಚೇತನ ಸೇವೆ ಒದಗಿಸದಿರುವುದು ಅದೇ ಬಗೆಯ ದುಂದು.

ಲೆಕ್ಕ ಕಷ್ಟದ್ದಲ್ಲ. ಒಬ್ಬ ಫಿಜಿಯೋಥೆರಪಿಸ್ಟ್ ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ 250 ದಿನ ಕೆಲಸ ಮಾಡಿದರೆ 1500 ಗಂಟೆ. ತಲಾ 20 ಗಂಟೆಯಂತೆ 75 ರೋಗಿಗಳಿಗೆ ಆ ನಿರ್ಣಾಯಕ ಅವಧಿಯಲ್ಲಿ ಹೆಚ್ಚುವರಿ ತರಬೇತಿ ಸಿಗುತ್ತದೆ. ಅವರಲ್ಲಿ ಕೆಲವರಾದರೂ ತಾವೇ ಉಣ್ಣುವಂತಾದರೆ, ಅವರನ್ನು ನೋಡಿಕೊಳ್ಳಲು ಕೂಲಿ ಬಿಟ್ಟು ಮನೆಯಲ್ಲಿ ಕುಳಿತ ಇನ್ನೊಬ್ಬರು ಮರಳಿ ದುಡಿಮೆಗೆ ಹೋಗುತ್ತಾರೆ. ಈ ಎರಡನೆಯ ವ್ಯಕ್ತಿ ನಮ್ಮ ಯಾವ ಲೆಕ್ಕಪತ್ರದಲ್ಲೂ ಕಾಣಿಸುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಸೇವೆಯಲ್ಲಿದ್ದಾಗ, ಗ್ರಾಮೀಣ ಆಸ್ಪತ್ರೆಗಳಿಗೆ ಫಿಜಿಯೋಥೆರಪಿಸ್ಟ್ ಹುದ್ದೆಗಳನ್ನು ಮಂಜೂರು ಮಾಡಬೇಕೆಂಬ ಪ್ರಸ್ತಾವನೆಯೊಂದು ನನ್ನ ಮೇಜಿಗೆ ಬಂದಿತ್ತು. ‘ಅತ್ಯಗತ್ಯವೆನಿಸುವುದಿಲ್ಲ, ಸದ್ಯಕ್ಕೆ ಪರಿಗಣಿಸಬೇಕಾಗಿಲ್ಲ’ ಎಂದು ಷರಾ ಬರೆದು ಕಡತ ಹಿಂದಿರುಗಿಸಿದವನು ನಾನೇ. ಅರ್ಥಶಾಸ್ತ್ರ ಓದಿದ್ದ ನನಗೆ ಅಂದು ಸಂಬಳದ ಬಾಬತ್ತು ಕಂಡಿತ್ತು, ಅದರಿಂದಾಗುವ ಉಳಿತಾಯ ಕಂಡಿರಲಿಲ್ಲ. ಯಾರೂ ನನ್ನನ್ನು ಪ್ರಶ್ನಿಸಲಿಲ್ಲ. ಅಂಥ ಷರಾಗಳನ್ನು ಯಾರೂ ಪ್ರಶ್ನಿಸುವುದಿಲ್ಲ.

ಆಗಬೇಕಾದದ್ದು ಇಷ್ಟು. ಬಿಡುಗಡೆಯ ಕಾಗದದಲ್ಲಿ ಮಾತ್ರೆಗಳಂತೆಯೇ ವ್ಯಾಯಾಮದ ಬಗೆ, ಅವಧಿ, ಸ್ಥಳ ಕಡ್ಡಾಯವಾಗಿ ನಮೂದಾಗಬೇಕು. ವಿಮಾ ಯೋಜನೆ ಮೂರು ತಿಂಗಳ ಪುನಶ್ಚೇತನವನ್ನು ಚಿಕಿತ್ಸೆಯ ಭಾಗವೆಂದೇ ಪರಿಗಣಿಸಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಪೂರ್ಣಾವಧಿ ಫಿಜಿಯೋಥೆರಪಿಸ್ಟ್ ಇರಬೇಕು, ವಾರಕ್ಕೊಂದು ದಿನವಾದರೂ ವಾಕ್ ಚಿಕಿತ್ಸಕರು ಬರಬೇಕು. ರಕ್ತದೊತ್ತಡ, ಮಧುಮೇಹದ ತಪಾಸಣೆಗೆಂದು 2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯ ಸಿಬ್ಬಂದಿ ಮನೆಮನೆಗೆ ಹೋದಾಗ ಇಂಥ ರೋಗಿಗಳನ್ನು ಗುರುತಿಸಿ ಅವರತ್ತ ಕಳುಹಿಸಬಹುದು. ಧುಪದಾಳದ ನೆರೆಯ ಘಟಪ್ರಭೆಯಲ್ಲಿ ಸ್ವಾತಂತ್ರ್ಯಕ್ಕೂ ಮೊದಲೇ ಕರ್ನಾಟಕ ಆರೋಗ್ಯಧಾಮ ತಲೆಯೆತ್ತಿತ್ತು. ಉತ್ತಮ ಚಿಕಿತ್ಸೆ ಹಳ್ಳಿಯ ಬಳಿಯೇ ಸಿಗಬೇಕೆಂಬ ವಿಚಾರ ಈ ಸೀಮೆಗೆ ಹೊಸದಲ್ಲ.

ಅಣ್ಣನವರು ಈಗ ಕೋಲು ಹಿಡಿದು ಹಿನ್ನೀರಿನ ದಂಡೆಯವರೆಗೆ ನಡೆಯುತ್ತಾರೆ. ಬಲಗೈಯಿಂದ ರೊಟ್ಟಿ ಮುರಿಯುತ್ತಾರೆ. ಸಹಿ ಮಾತ್ರ ಇನ್ನೂ ಬಂದಿಲ್ಲ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಬೇಕು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವರಿಗೆ ಅದು ಸಣ್ಣ ನೋವಲ್ಲ. ಕಳೆದ ಸಲ ಊರಿಗೆ ಹೋದಾಗ ಪಾಟಿಯ ಮೇಲೆ ಬರೆಯುತ್ತ ಕುಳಿತಿದ್ದರು. ‘ತಮ್ಮಾ, ಇನ್ನೊಂದೀಟ ಮದ್ಲ ಸುರು ಮಾಡಿದ್ರ ಬರ್ತಿತ್ತೇನೋ’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ಆ ಪ್ರಶ್ನೆ ಕೇಳುವ ಪ್ರಸಂಗ ಇನ್ನೊಂದು ಮನೆಗೆ ಬಾರದಂತೆ ನೋಡಿಕೊಳ್ಳುವುದು ಸರ್ಕಾರದ ಕೈಯಲ್ಲಿದೆ.