ಹಣ ಬಂತು, ಕಾಯಕ ಉಳಿಯಿತೇ?

ನಗದು, ಬ್ಯಾಂಕ್ ಠೇವಣಿ ಸೇರಿದ ಹಣ 1960–61ರಲ್ಲಿ ದೇಶದ ವಾರ್ಷಿಕ ಉತ್ಪನ್ನದ ಕಾಲು ಭಾಗದಷ್ಟೂ ಇರಲಿಲ್ಲ. ಈಗ ಮುಕ್ಕಾಲು ಮೀರಿದೆ. ಜೊತೆಗೆ ಉತ್ಪನ್ನವೂ ಬೆಳೆದದ್ದರಿಂದ ದೇಶ ತಾಳಿಕೊಂಡಿತು.

ತುಳಸಿಗೇರಿಯಲ್ಲಿ ಕುಳಿತು ನೋಡಿದರೆ ನಮ್ಮ ಬಾಗಲಕೋಟೆ ಸೀಮೆಯ ಲೆಕ್ಕ ಬೇರೆ. ಆಲಮಟ್ಟಿ ಜಲಾಶಯದ ಮಟ್ಟ 519.6ರಿಂದ 524.256 ಮೀಟರಿಗೆ ಏರಿದರೆ ಮುಳುಗುವ ಭೂಮಿಗೆ ಸರ್ಕಾರ 2025ರಲ್ಲಿ ದರ ಗೊತ್ತುಮಾಡಿತು: ಎಕರೆಗೆ ನೀರಾವರಿಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ರೂಪಾಯಿ. ಪರಿಹಾರ ರೈತರ ಹಕ್ಕು. ಆದರೆ ಹಣ ಬರುತ್ತದೆ, ಬೆಳೆ ಕೊಡುವ ಹೊಲ ಹೋಗುತ್ತದೆ. ಆಗ ಉಳಿದ ಹೊಲ, ನಿವೇಶನಗಳ ಬೆಲೆ ಏರುತ್ತದೆ. ಪರಿಹಾರವೇ ಸಿಗದ ಕೂಲಿಕಾರನೂ ಅದೇ ಬೆಲೆ ತೆರಬೇಕು.

ಶರಣರು ಕಾಯಕದಿಂದ ಬಂದದ್ದನ್ನೇ ದಾಸೋಹಕ್ಕೆ ಒಪ್ಪಿದರು. ಈ ಹಣ ಮದುವೆಯ ಆಡಂಬರದಲ್ಲಿ ಕರಗದೆ ಹೊಲ, ಹೈನು, ಇಳಕಲ್ಲಿನ ಮಗ್ಗ, ಮಕ್ಕಳ ವಿದ್ಯೆಗೆ ಸೇರಲಿ. ಮಠಗಳು ಈ ಮಾತನ್ನು ಪರಿಹಾರ ಕೈಸೇರುವ ಮೊದಲೇ ಹೇಳಲಿ.